ಜಯಕರರೂ ಫೆಡರಲ್ ನ್ಯಾಯಾಲಯವೂ

ವಕೀಲರು ಶಾಸನಸಭೆಗಳನ್ನು ಸೇರುವುದು ನಮ್ಮ ದೇಶದಲ್ಲಿ ಅಪೂರ್ವವೇನಲ್ಲ. ಆದರೆ ಶಾಸನವನ್ನು ರೂಪಿಸುವ ಕಾರ್ಯದಲ್ಲಿ ಭಾಗಿಯಾದವರು ತರುವಾಯ ನ್ಯಾಯಪೀಠವನ್ನೇರಿ ಅದೇ ಶಾಸನದ ಅರ್ಥವನ್ನು ನಿರ್ಣಯಿಸಬೇಕಾಗಿ ಬಂದಾಗ, ಹಿಂದಿನ ಅನುಭವವು ಅವರಿಗೆ ದೀಪವಾಗುವುದೋ ತೊಡಕಾಗುವುದೋ ಎಂಬುದು ವಿಚಾರಣೀಯವಾದ ಪ್ರಶ್ನೆ. ಮುಕುಂದ ರಾಮರಾವ್ ಜಯಕರರ (1873–1959) ಜೀವನವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ.

1905ರಲ್ಲಿ ಬ್ಯಾರಿಸ್ಟರರಾಗಿ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ವೃತ್ತಿಯನ್ನಾರಂಭಿಸಿದ ಜಯಕರರು, ಜಲಿಯನ್‌ವಾಲಾಬಾಗಿನ ಹತ್ಯಾಕಾಂಡವನ್ನು ಕುರಿತು ಕಾಂಗ್ರೆಸ್ಸು ನೇಮಿಸಿದ ವಿಚಾರಣಾ ಸಮಿತಿಯಲ್ಲಿ ಗಾಂಧೀಜಿ, ಚಿತ್ತರಂಜನ ದಾಸ್ ಮೊದಲಾದವರೊಡನೆ ಕೆಲಸ ಮಾಡಿದರು. 1923ರಲ್ಲಿ ಮುಂಬಯಿ ಶಾಸನ ಪರಿಷತ್ತನ್ನು ಪ್ರವೇಶಿಸಿ ಅಲ್ಲಿ ಸ್ವರಾಜ್ಯ ಪಕ್ಷದ ನಾಯಕರಾದರು. ಧಾರವಾಡ, ಬೆಳಗಾಂವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಆ ಪರಿಷತ್ತಿನ ವ್ಯಾಪ್ತಿಯಲ್ಲಿಯೇ ಇದ್ದವು. ಸರಕಾರದೊಡನೆ ಸಂಪೂರ್ಣ ಅಸಹಕಾರವು ನಿಷ್ಫಲವೆಂದು ಬಗೆದು 1925ರಲ್ಲಿ ಆ ಪಕ್ಷದಿಂದ ದೂರವಾಗಿ, ಮರುವರ್ಷ ಕೇಂದ್ರ ಶಾಸನಸಭೆಗೆ ಚುನಾಯಿತರಾದರು.

ಅಲ್ಲಿ ಅವರು ಮಾಡಿದ ಒಂದು ಕಾರ್ಯ ನಮ್ಮ ವಿಷಯಕ್ಕೆ ಸಂಬಂಧಪಟ್ಟುದಾಗಿದೆ. ರಸ್ತೆಗಳ ಅಭಿವೃದ್ಧಿಯನ್ನು ಕುರಿತು 1927ರಲ್ಲಿ ನೇಮಕವಾದ ಸಮಿತಿಗೆ ಜಯಕರರೇ ಅಧ್ಯಕ್ಷರು. ರಸ್ತೆಗಳ ಹೊರೆಯನ್ನು ಪ್ರಾಂತಗಳು ಮಾತ್ರವೇ ಹೊರಲಾರವೆಂದು ಕಂಡುಕೊಂಡ ಆ ಸಮಿತಿ, ಪೆಟ್ರೋಲಿನ ಮೇಲೆ ಗ್ಯಾಲನಿಗೆ 2 ಆಣೆಯಂತೆ ಹೆಚ್ಚುವರಿ ಸುಂಕ ವಿಧಿಸಿ ಕೇಂದ್ರದಲ್ಲಿ ಒಂದು ರಸ್ತೆ ನಿಧಿಯನ್ನು ಸ್ಥಾಪಿಸಬೇಕೆಂದು ಸೂಚಿಸಿತು. 1929ರಲ್ಲಿ ನಿಧಿಯು ಏರ್ಪಟ್ಟಿತು.

ಮುಂದೆ ದುಂಡುಮೇಜಿನ ಪರಿಷತ್ತಿನಲ್ಲಿ ಜಯಕರರು ಒಕ್ಕೂಟದ ರಚನೆಯನ್ನು ಚರ್ಚಿಸಿದ ಸಮಿತಿಯ ಸದಸ್ಯರಾಗಿದ್ದರು. ಆ ಚರ್ಚೆಗಳ ಫಲವಾದ 1935ರ ಶಾಸನದ ಮೇರೆಗೆ 1937ರ ಅಕ್ಟೋಬರ್ 1ರಂದು ಫೆಡರಲ್ ನ್ಯಾಯಾಲಯವು ಅಸ್ತಿತ್ವಕ್ಕೆ ಬಂದಿತು. ಮುಖ್ಯ ನ್ಯಾಯಾಧೀಶರು ಸರ್ ಮಾರಿಸ್ ಗ್ವಾಯರ್. ಉಳಿದಿಬ್ಬರು ಸರ್ ಷಾ ಮಹಮ್ಮದ್ ಸುಲೈಮಾನ್ ಮತ್ತು ಜಯಕರ್. ನ್ಯಾಯಾಲಯವೇನೋ ಹುಟ್ಟಿತು, ಆದರೆ ಒಕ್ಕೂಟವು ಹುಟ್ಟಲೇ ಇಲ್ಲ. ಮೈಸೂರನ್ನು ಒಳಗೊಂಡು ಯಾವ ದೇಶೀಯ ಸಂಸ್ಥಾನವೂ ಅದನ್ನು ಸೇರಲಿಲ್ಲ. 1939ರಲ್ಲಿ ಯುದ್ಧವು ಪ್ರಾರಂಭವಾದೊಡನೆ ಅದರ ಸಿದ್ಧತೆಯೂ ನಿಂತುಹೋಯಿತು. ಅರಸರ ಮಂಡಲಕ್ಕೆಂದು ದಿಲ್ಲಿಯಲ್ಲಿ ಕಟ್ಟಿದ ಸಭಾಂಗಣದಲ್ಲಿಯೇ ಈ ನ್ಯಾಯಾಲಯವು ಕಲಾಪ ನಡೆಸಿದುದು ಇತಿಹಾಸದ ಒಂದು ವ್ಯಂಗ್ಯ.

ಹೀಗಾಗಿ ನ್ಯಾಯಾಲಯದ ಮುಂದೆ ಉಳಿದುದು ಮುಖ್ಯವಾಗಿ ಕೇಂದ್ರ ಮತ್ತು ಪ್ರಾಂತಗಳ ಅಧಿಕಾರದ ಎಲ್ಲೆಗಳ ಪ್ರಶ್ನೆ. ಅದು ಮೊದಲು ತಲೆದೋರಿದುದು ಪೆಟ್ರೋಲಿನ ವಿಷಯದಲ್ಲಿಯೇ. ಮಧ್ಯಪ್ರಾಂತ ಮತ್ತು ಬೇರಾರಿನ ಶಾಸನಸಭೆಯು 1938ರಲ್ಲಿ ಪೆಟ್ರೋಲಿನ ಚಿಲ್ಲರೆ ಮಾರಾಟದ ಮೇಲೆ ತೆರಿಗೆ ವಿಧಿಸಿತು. ಉತ್ಪಾದನೆಯಾದ ಸರಕಿನ ಮೇಲಣ ಸುಂಕವು ಕೇಂದ್ರದ ಅಧಿಕಾರ. ಮಾರಾಟದ ಮೇಲಣ ತೆರಿಗೆಯು ಪ್ರಾಂತದ ಅಧಿಕಾರ. ಈ ಹೊಸ ತೆರಿಗೆ ಯಾವ ವರ್ಗಕ್ಕೆ ಸೇರಿದುದೆಂದು ಗವರ್ನರ್ ಜನರಲರು ನ್ಯಾಯಾಲಯದ ಅಭಿಪ್ರಾಯವನ್ನು ಕೇಳಿದರು. ಮೂವರೂ ಪ್ರತ್ಯೇಕವಾಗಿ ಅಭಿಪ್ರಾಯ ಬರೆದು, ಪ್ರಾಂತದ ತೆರಿಗೆಯು ಕ್ರಮಬದ್ಧವೆಂದು ಒಮ್ಮತದಿಂದ ಹೇಳಿದರು.

ಹಿಂದೆ ಪೆಟ್ರೋಲಿನ ಸುಂಕವನ್ನು ಕೇಂದ್ರದ ನಿಧಿಗೆ ಸೇರಿಸಬೇಕೆಂದ ಜಯಕರರು ಈಗ ಪ್ರಾಂತದ ಪಕ್ಷವನ್ನು ವಹಿಸಿದರೇ? ಹಾಗೆ ತಿಳಿಯುವುದು ಯುಕ್ತವಲ್ಲವೆಂದು ನಮ್ಮ ಮತ. ಸಮಿತಿಯಲ್ಲಿ ಅವರ ಮುಂದಿದ್ದುದು ಯಾವ ತೆರಿಗೆ ಹಿತಕರ ಎಂಬ ಪ್ರಶ್ನೆ. ಪೀಠದಲ್ಲಿ ಎದುರಾದುದು ಯಾರಿಗೆ ಅಧಿಕಾರವಿದೆ ಎಂಬ ಪ್ರಶ್ನೆ. ರಾಜಕಾರಣಿಯ ಪೂರ್ವಗ್ರಹವು ತೀರ್ಪನ್ನು ಬಾಗಿಸಿತೆಂಬ ಶಂಕೆಗೂ ಇಲ್ಲಿ ಸಮಾಧಾನವಿದೆ. ಗ್ವಾಯರರು 1935ರ ಶಾಸನದ ಕರಡನ್ನು ಸಿದ್ಧಪಡಿಸಿದವರು. ಸುಲೈಮಾನರಾದರೋ ಅಲಹಾಬಾದಿನ ಮುಖ್ಯ ನ್ಯಾಯಾಧೀಶರಾಗಿದ್ದವರು. ಮೂರು ಬೇರೆ ಬೇರೆ ದಾರಿಗಳಿಂದ ಬಂದವರು ಒಂದೇ ನಿರ್ಣಯವನ್ನು ಮುಟ್ಟಿದುದು ಗಮನಾರ್ಹ.

ಈ ನಿರ್ಣಯದ ಫಲವು ಅಲ್ಪವಲ್ಲ. ಉತ್ಪಾದನೆ ಮತ್ತು ಮಾರಾಟಗಳ ಈ ವಿಭಜನೆಯನ್ನು 1950ರ ಸಂವಿಧಾನವೂ ಉಳಿಸಿಕೊಂಡಿತು. ಮಾರಾಟ ತೆರಿಗೆಯು ರಾಜ್ಯಗಳ ಮುಖ್ಯ ಆದಾಯಗಳಲ್ಲೊಂದಾಯಿತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಾಗಲೂ ಪೆಟ್ರೋಲು ಅದರ ಹೊರಗೇ ಉಳಿಯಿತು.

ಜಯಕರರು 1939ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನ ನ್ಯಾಯಸಮಿತಿಗೆ ತೆರಳಿದರು. ಸಂವಿಧಾನ ಸಭೆಯಲ್ಲಿ 1946ರ ಡಿಸೆಂಬರಿನಲ್ಲಿ, ಮುಸ್ಲಿಂ ಲೀಗೂ ಸಂಸ್ಥಾನಗಳೂ ಬರುವ ತನಕ ಧ್ಯೇಯಗಳ ನಿರ್ಣಯವನ್ನು ಮುಂದೂಡಬೇಕೆಂದು ವಾದಿಸಿ ಅನೇಕರ ಅಸಮಾಧಾನಕ್ಕೆ ಗುರಿಯಾದರು. ಬಾರದ ಸಂಸ್ಥಾನಗಳಿಗಾಗಿ ಸ್ಥಾಪಿತವಾದ ನ್ಯಾಯಾಲಯದಲ್ಲಿ ಕುಳಿತಿದ್ದವರಿಗೆ, ಎಲ್ಲರೂ ಸೇರದೆ ಕಟ್ಟಿದ ರಚನೆಯ ದೌರ್ಬಲ್ಯ ಚೆನ್ನಾಗಿ ತಿಳಿದಿದ್ದಿರಬೇಕು. ಅವರು ತೆರವು ಮಾಡಿದ ಮುಂಬಯಿಯ ಸ್ಥಾನಕ್ಕೆ 1947ರ ಜುಲೈಯಲ್ಲಿ ಆಯ್ಕೆಯಾದವರು ಡಾ. ಅಂಬೇಡ್ಕರರು, ಮರುತಿಂಗಳು ಅವರೇ ಕರಡು ಸಮಿತಿಯ ಅಧ್ಯಕ್ಷರಾದರು.

ಜಯಕರರನ್ನು ಸಂಧಾನಕಾರರೆಂದಷ್ಟೇ ಸ್ಮರಿಸುವುದು ರೂಢಿ. ಶಾಸಕನ ಅನುಭವವನ್ನು ಪೀಠಕ್ಕೆ ಕೊಂಡೊಯ್ದೂ ಶಾಸಕನ ಇಚ್ಛೆಯನ್ನು ಹೊರಗಿರಿಸಿದ ನ್ಯಾಯಾಧೀಶರೆಂಬುದನ್ನೂ ಅದರೊಡನೆ ಸೇರಿಸಿದಲ್ಲದೆ ಅವರ ಜೀವನದ ಮೌಲ್ಯಮಾಪನವು ಪೂರ್ಣವಾಗದು.