ಮದರಾಸಿನಲ್ಲಿ ನಡೆದ ಒಂದು ಭಾಷಾವಾದ

ಹೊರನಾಡಿನಲ್ಲಿ ನೆಲಸಿರುವ ನಾವು ನಮ್ಮ ನುಡಿಯ ವಿಷಯವಾಗಿ ಎರಡು ಮಾತುಗಳನ್ನು ಆಗಾಗ್ಗೆ ಕೇಳುತ್ತಿರುತ್ತೇವೆ. ಕನ್ನಡವು ಸಂಸ್ಕೃತದ ಮಗಳೆಂಬುದು ಒಂದು; ತಮಿಳಿನ ಮಗಳೆಂಬುದು ಇನ್ನೊಂದು. ಎರಡನೆಯ ಮಾತು 2025ರಲ್ಲಿ ಚೆನ್ನೈಯ ಚಲನಚಿತ್ರ ಸಮಾರಂಭವೊಂದರಲ್ಲಿ ಕೇಳಿಬಂದು ಎಷ್ಟು ಕೋಲಾಹಲವಾಯಿತೆಂಬುದನ್ನು ವಾಚಕರು ಬಲ್ಲರು. ಮೊದಲನೆಯದಕ್ಕೆ ನೇರವಾಗಿಯೂ ಎರಡನೆಯದಕ್ಕೆ ಸೂಚ್ಯವಾಗಿಯೂ ಅದೇ ಊರಿನಲ್ಲಿ 1816ರಲ್ಲೇ ಉತ್ತರ ಅಚ್ಚಾಗಿತ್ತೆಂಬುದು ಮಾತ್ರ ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ಆ ಕಾಲದಲ್ಲಿ ಭಾರತದ ಭಾಷೆಗಳ ವಿಷಯದಲ್ಲಿ ಕಲ್ಕತ್ತೆಯ ಪಂಡಿತರ ಮಾತೇ ಕೊನೆಯ ಮಾತು. ಸಿರಾಂಪುರದ ಪಾದ್ರಿ ವಿಲಿಯಂ ಕೇರಿಯು ತನ್ನ ಸಂಸ್ಕೃತ ವ್ಯಾಕರಣದಲ್ಲಿ ಬಂಗಾಳಿ, ಒರಿಯಾ, ಮರಾಠಿಗಳ ಜೊತೆಗೆ ಕನ್ನಡ ತೆಲುಗುಗಳನ್ನೂ ಸೇರಿಸಿ, ಇವೆಲ್ಲ ಬಹುತೇಕ ಸಂಸ್ಕೃತ ಶಬ್ದಗಳಿಂದಲೇ ಆದವೆಂದು ಬರೆದನು. ಕೇರಿಯು ಸಾಮಾನ್ಯನಲ್ಲ, ಹಲವು ಭಾಷೆಗಳಿಗೆ ವ್ಯಾಕರಣ ಬರೆದ ಶ್ರಮಜೀವಿ. ಹೀಗಿರುವಾಗ ಎದುರುನುಡಿಯುವವರು ಯಾರು?

ನುಡಿದವನು ಮದರಾಸಿನ ಕಲೆಕ್ಟರನಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್. ಕಂಪನಿಯ ತರುಣ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸಲೆಂದು 1812ರಲ್ಲಿ ಸ್ಥಾಪಿತವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿಗೆ ಈತನೇ ಜೀವಾಳ. ಕ್ಯಾಂಬೆಲ್ಲನ ತೆಲುಗು ವ್ಯಾಕರಣಕ್ಕೆ 1816ರಲ್ಲಿ ಈತನು ಒಂದು ಟಿಪ್ಪಣಿಯನ್ನು ಸೇರಿಸಿದನು. ಅದರಲ್ಲಿ ಕೇರಿಯ ಮಾತನ್ನು ಮರೆಮಾಚದೆ, ತಿರುಚದೆ, ಮೊದಲು ಇದ್ದ ಹಾಗೆಯೇ ಉದ್ಧರಿಸಿದನು. ಈ ಮರ್ಯಾದೆ ನಮಗೆ ಬಹಳ ಹಿಡಿಸಿತು. ಬಳಿಕ ಹೊಗಳಿಕೆ ತೆಗಳಿಕೆಗಳಿಗೆ ಹೋಗದೆ ಧಾತುಗಳ ಪಟ್ಟಿಯನ್ನು ಮುಂದಿಟ್ಟನು. ಸಂಸ್ಕೃತ ಧಾತುಗಳ ಪಕ್ಕದಲ್ಲಿ ತೆಲುಗು ಧಾತುಗಳನ್ನಿಟ್ಟಾಗ ಹೊಂದಾಣಿಕೆ ಕಾಣಲಿಲ್ಲ. ತಮಿಳು, ತೆಲುಗು, ಕನ್ನಡಗಳ ಧಾತುಗಳನ್ನು ಒಟ್ಟಿಗೆ ಇಟ್ಟಾಗ ಅಕ್ಕತಂಗಿಯರ ಮುಖಗಳಂತೆ ಕಂಡವು. ಎರವಲಾಗಿ ಬಂದ ಶಬ್ದಗಳು ಎಷ್ಟೇ ಇರಲಿ, ಧಾತುವೂ ವಾಕ್ಯದ ಕಟ್ಟೂ ತಮ್ಮವೇ ಎಂಬುದು ಅವನ ವಾದ. ನಮ್ಮ ಮನೆಮಾತಿನಿಂದಲೇ ಉದಾಹರಣೆ ಬೇಕಾದರೆ, ನಮ್ಮ ಹಾಲು ಹಳಗನ್ನಡದಲ್ಲಿ ಪಾಲ್, ತಮಿಳಿನಲ್ಲಿಯೂ ಪಾಲ್, ತೆಲುಗಿನಲ್ಲಿ ಪಾಲು, ಸಂಸ್ಕೃತದಲ್ಲಾದರೋ ಕ್ಷೀರ. ಇವುಗಳಲ್ಲಿ ಒಂದು ತಾಯಿ, ಮಿಕ್ಕವು ಮಕ್ಕಳೆಂದು ಎಲ್ಲಿಸನು ಹೇಳಲಿಲ್ಲ. ಮಲಯಾಳ, ತುಳು, ಕೊಡಗು ನುಡಿಗಳನ್ನೂ ಸೇರಿಸಿ ಒಂದೇ ಕುಲವೆಂದನು.

ಈ ಕೀರ್ತಿಯೆಲ್ಲ ದೊರೆಯೊಬ್ಬನದೇ ಎಂದರೆ ಅನ್ಯಾಯವಾದೀತು. ತೆಲುಗು ಧಾತುಗಳನ್ನು ಕಲೆಹಾಕಿದವರು ಕಾಲೇಜಿನ ಪಂಡಿತರಾದ ಪಟ್ಟಾಭಿರಾಮ ಶಾಸ್ತ್ರಿಗಳು. ತತ್ಸಮ, ತದ್ಭವ, ದೇಶ್ಯಗಳೆಂಬ ವಿಂಗಡಣೆಯಾದರೋ ನಮ್ಮ ವೈಯಾಕರಣರ ಹಳೆಯ ಸೊತ್ತು. 13ನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಿ ಕನ್ನಡ ಧಾತುಗಳ ಪಟ್ಟಿಯೇ ಇದೆ! ಮನೆಯಲ್ಲಿದ್ದ ದೀಪವನ್ನು ಎಲ್ಲಿಸನು ಚಾವಡಿಗೆ ತಂದಿಟ್ಟನೆಂದರೆ ಸರಿಯಾದೀತು.

ಆದರೆ ವಾದ ಗೆದ್ದಿತೆಂದು ಆಗ ಯಾರೂ ಹೇಳಲಿಲ್ಲ. ಮರುವರ್ಷ, 1817ರಲ್ಲಿ, ಕೇರಿಯ ಕನ್ನಡ ವ್ಯಾಕರಣವೂ ಸಿರಾಂಪುರದಲ್ಲಿ ಅಚ್ಚಾಯಿತು. 1819ರಲ್ಲಿ ರಾಮನಾಡಿನಲ್ಲಿ ಎಲ್ಲಿಸನು ಔಷಧವೆಂದು ವಿಷವನ್ನು ಕುಡಿದು ತೀರಿಕೊಂಡನು. ಅವನ ಕಾಗದಪತ್ರಗಳು ಮಧುರೆಯಲ್ಲಿ ಹರಾಜಾಗಿ, ಎಷ್ಟೋ ತಿಂಗಳು ಅಡಿಗೆಯವನೊಬ್ಬನಿಗೆ ಒಲೆ ಹೊತ್ತಿಸಲು ಒದಗಿದವೆಂದು ಹೇಳುತ್ತಾರೆ. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕಾಲ್ಡ್‌ವೆಲ್ಲನ ಪ್ರಸಿದ್ಧ ದ್ರಾವಿಡ ವ್ಯಾಕರಣವು ಹೊರಬಂದದ್ದು 1856ರಲ್ಲಿ. ಲೋಕವು ಅವನ ಹೆಸರನ್ನೇ ಹಿಡಿದುಕೊಂಡಿತು.

ನಮ್ಮ ಕಿಟ್ಟೆಲ್ ಮಹಾಶಯರಂತೂ ಒಂದು ಹೆಜ್ಜೆ ಮುಂದೆಯೇ ಹೋದರು. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಅವರ ಕನ್ನಡ ನಿಘಂಟಿನ ಮುನ್ನುಡಿಯಲ್ಲಿ, ದ್ರಾವಿಡ ಭಾಷೆಗಳಿಂದಲೇ ಸಂಸ್ಕೃತವು ಎರವಲು ಪಡೆದಿರಬಹುದಾದ ಶಬ್ದಗಳ ಉದ್ದನೆಯ ಪಟ್ಟಿಯೊಂದಿದೆ. ಅದರಲ್ಲಿ ಕೆಲವನ್ನು ಮುಂದಿನ ವಿದ್ವಾಂಸರು ಒಪ್ಪಿದರು, ಕೆಲವನ್ನು ಬಿಟ್ಟರು. ಚರ್ಚೆ ಇನ್ನೂ ಮುಗಿದಿಲ್ಲ.