ಕಾವಲಿನ ವೆಚ್ಚ: ಪುಣೆಯ ಪೊಲೀಸ್ ಇತಿಹಾಸದ ಒಂದು ಮುಖ

ಪೊಲೀಸ್ ವ್ಯವಸ್ಥೆಯ ಚರಿತ್ರೆಯನ್ನು ಕಾಯಿದೆಗಳ ಹಾಗೂ ಅಧಿಕಾರಿಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಕಾವಲಿನವನಿಗೆ ಅನ್ನ ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಯಿಂದ ಹೊರಟರೆ ಬೇರೊಂದು ಚಿತ್ರ ಕಾಣುತ್ತದೆ. ನಾವು ಪುಣೆಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಧಾರವಾಡ, ಬೆಳಗಾವಿ ಸೀಮೆಗಳ ಬಹುಭಾಗ 1818ರವರೆಗೆ ಪೇಶ್ವೆಯರಿಗೆ, ಅನಂತರ 1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು.

ಶಾಸನಗಳ ತಳಾರ, ಕನ್ನಡ ಹಳ್ಳಿಗಳ ತಳವಾರ, ಪುಣೆಯ ಸುತ್ತಲಿನ ರಾಮೋಶಿ ಇವರೆಲ್ಲ ಹೆಚ್ಚುಕಡಿಮೆ ಒಂದೇ ವೃತ್ತಿಯವರು. (ವಚನಕಾರರಲ್ಲಿ ತಳವಾರ ಕಾಮಿದೇವನೂ ಒಬ್ಬನೆಂಬುದನ್ನು ಇಲ್ಲಿ ನೆನೆಯಬಹುದು.) ಇವರಿಗೆ ಬೊಕ್ಕಸದ ಸಂಬಳವಿರಲಿಲ್ಲ, ಕಣದಲ್ಲಿ ದೊರೆಯುವ ಆಯ, ಇನಾಮು ಭೂಮಿ ಇವೇ ಜೀವನಾಧಾರ. ಅದಕ್ಕೆ ತಕ್ಕ ಹೊಣೆಯೂ ಇತ್ತು. ಕಳುವಾದರೆ ಕಳ್ಳನ ಹೆಜ್ಜೆಯ ಜಾಡು ಹಿಡಿದು ಹೋಗಬೇಕು. ಪತ್ತೆಯಾಗದಿದ್ದರೆ ನಷ್ಟವನ್ನು ತುಂಬಿಕೊಡಬೇಕು. ಎಲ್ಫಿನ್‌ಸ್ಟನ್ ತನ್ನ 1819ರ ವರದಿಯಲ್ಲಿ ಈ ಏರ್ಪಾಡನ್ನು ವಿವರಿಸಿದ್ದಾನೆ. ಇದು ಆದರ್ಶ ಕಾಲವಾಗಿತ್ತೆಂದು ನಾವು ಹೇಳುವುದಿಲ್ಲ; ಪುಣೆಯ ಕೊತ್ವಾಲ ಘಾಶೀರಾಮನನ್ನು 1791ರಲ್ಲಿ ಜನರೇ ಕಲ್ಲಿನಿಂದ ಹೊಡೆದು ಕೊಂದರು.

ಕಂಪನಿ ಆಳ್ವಿಕೆಯಲ್ಲಿ ಹಳೆಯ ಹಕ್ಕುಗಳನ್ನು ಕಳೆದುಕೊಂಡ ರಾಮೋಶಿಗಳು ಉಮಾಜಿ ನಾಯಕನ ನೇತೃತ್ವದಲ್ಲಿ ದಂಗೆಯೆದ್ದರು. 1832ರಲ್ಲಿ ಆತನನ್ನು ಪುಣೆಯಲ್ಲಿ ಗಲ್ಲಿಗೇರಿಸಲಾಯಿತು. 1867ರಲ್ಲಿ ಜಿಲ್ಲಾ ಪೊಲೀಸಿಗೂ ಗ್ರಾಮ ಪೊಲೀಸಿಗೂ ಪ್ರತ್ಯೇಕ ಕಾಯಿದೆಗಳು ಬಂದವು. ಪಟ್ಟಣಗಳ ಪೊಲೀಸ್ ವೆಚ್ಚವನ್ನು ಪುರಸಭೆಗಳ ಮೇಲೆ ಹೊರಿಸುವ ಪದ್ಧತಿಯೂ ದೇಶದಲ್ಲಿತ್ತು. ಆ ಭಾರವನ್ನು ಇಳಿಸಿ, ಉಳಿದ ಹಣವನ್ನು ಶಿಕ್ಷಣ, ನೈರ್ಮಲ್ಯಗಳಿಗೆ ಬಳಸಬೇಕೆಂಬುದು ರಿಪನ್ ಕಾಲದ ಸ್ಥಳೀಯ ಸ್ವಯಮಾಡಳಿತ ಸುಧಾರಣೆಗಳ ಆಶಯವಾಗಿತ್ತು.

ಆದರೆ ಪುಣೆ 1897ರಲ್ಲಿ ಕಂಡದ್ದೇ ಬೇರೆ. ಪ್ಲೇಗ್ ನಿವಾರಣೆಯ ಹೆಸರಿನಲ್ಲಿ ನಡೆದ ಮನೆ ಶೋಧನೆಗಳಿಂದ ಜನ ರೋಸಿಹೋಗಿದ್ದರು. ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡನ ಮೇಲೆ ಗುಂಡು ಹಾರಿತು. ಸರ್ಕಾರವು ನಗರದಲ್ಲಿ ಹೆಚ್ಚುವರಿ ಪೊಲೀಸ್ ಪಡೆಯನ್ನು ನಿಲ್ಲಿಸಿ, ಅದರ ವೆಚ್ಚವನ್ನು ನಿವಾಸಿಗಳ ಮೇಲೆಯೇ ದಂಡರೂಪದಲ್ಲಿ ಹೇರಿತು. ಹಿಂದೆಯೂ ಕಾವಲಿಗೆ ಊರೇ ಕೊಡುತ್ತಿತ್ತಲ್ಲ ಎನ್ನಬಹುದು. ಆಗ ತಳವಾರ ಊರಿಗೆ ಉತ್ತರ ಹೇಳಬೇಕಿತ್ತು; ಈಗ ಹಣ ಕೊಟ್ಟವರಿಗೆ ಕೇಳುವ ಹಕ್ಕೇ ಇರಲಿಲ್ಲ. ಈ ವ್ಯತ್ಯಾಸವನ್ನು ಆಡಳಿತ ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲವೆಂದು ನಮ್ಮ ಅಭಿಪ್ರಾಯ.

ಸ್ವಾತಂತ್ರ್ಯಾನಂತರ ಸಂವಿಧಾನವು ಪೊಲೀಸನ್ನು ರಾಜ್ಯಪಟ್ಟಿಯಲ್ಲಿರಿಸಿತು. ಪುಣೆಗೆ 1965ರಲ್ಲಿ ಪೊಲೀಸ್ ಕಮಿಷನರ ಕಚೇರಿ ಬಂದಿತು; 1969ರಿಂದ ಆಧುನೀಕರಣಕ್ಕೆಂದು ಕೇಂದ್ರದ ಹಣವೂ ರಾಜ್ಯಗಳಿಗೆ ಹರಿಯತೊಡಗಿತು. ಹೀಗಿದ್ದರೂ ಗಲಭೆಯ ಪ್ರದೇಶದಲ್ಲಿ ನಿಲ್ಲಿಸಿದ ಹೆಚ್ಚುವರಿ ಪೊಲೀಸರ ವೆಚ್ಚವನ್ನು ಅಲ್ಲಿನ ನಿವಾಸಿಗಳಿಂದ ವಸೂಲು ಮಾಡುವ ಅವಕಾಶವನ್ನು 1951ರ ಮುಂಬಯಿ ಪೊಲೀಸ್ ಕಾಯಿದೆಯೂ ಉಳಿಸಿಕೊಂಡಿತು.