ಎಲೈಜಾ ಮತ್ತು ನಮ್ಮ ಅಕ್ಕ

ಕಳೆದ ತಿಂಗಳು ಉಡುಪಿಯಿಂದ ಅಕ್ಕ ಬಂದಿದ್ದಳು. ಡೊಂಬಿವಲಿಯ ನಮ್ಮ ಮನೆಯಲ್ಲಿ ರಾತ್ರಿ ಎಲ್ಲ ಮಲಗಿದ ಮೇಲೆ ಹಾಲ್‌ನಿಂದ ಪಿಸುಪಿಸು ಮಾತು. ಎದ್ದು ನೋಡಿದರೆ ಅಕ್ಕ ಫೋನಿನೊಳಗಿನ ಎಐ ಹತ್ರ ತನ್ನ ಮಂಡಿನೋವಿನ ಕತೆ ಹೇಳ್ತಾ ಕೂತಿದ್ದಾಳೆ! "ನೀನಾದ್ರೆ ಎರಡು ಸಲ ಕೇಳಿದ್ರೆ ಸಿಡುಕ್ತಿ ಮಾರಾಯ, ಇದು ಸಿಡುಕುದಿಲ್ಲ" ಅಂದಳು. ಸುಮ್ಮನೆ ಹೋಗಿ ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ. ಸುಮಾರು ಅರುವತ್ತು ವರ್ಷ ಹಿಂದಿನ ಇನ್ನೊಬ್ಬ ಹೆಂಗಸಿನ ಕತೆ ನೆನಪಾಯ್ತು.

ಆಕೆ ಎಂಐಟಿಯ ಒಬ್ಬ ಪ್ರೊಫೆಸರರ ಸೆಕ್ರೆಟರಿ. (ನಮ್ಮ ಕಡೆಯವರಿಗೆ ಎಂಐಟಿ ಅಂದ್ರೆ ಮಣಿಪಾಲ. ಇದು ಅಮೆರಿಕದ ಮ್ಯಾಸಚೂಸೆಟ್ಸಿನದು.) ಪ್ರೊಫೆಸರರ ಹೆಸರು ಜೋಸೆಫ್ ವೈಜೆನ್‌ಬಾಮ್. 1923ರಲ್ಲಿ ಬರ್ಲಿನ್ನಿನ ಯಹೂದಿ ಮನೆಯಲ್ಲಿ ಹುಟ್ಟಿ, 1936ರಲ್ಲಿ ಹಿಟ್ಲರನ ಕಾಟದಿಂದ ಮನೆಯವರ ಜೊತೆ ಅಮೆರಿಕ ಸೇರಿದವರು. 1966ರಲ್ಲಿ ಅವರು ಪ್ರಕಟಿಸಿದ ಪ್ರೋಗ್ರಾಮಿನ ಹೆಸರು ಎಲೈಜಾ. ಅದರ ಒಂದು ರೂಪ ಮನೋವೈದ್ಯರಂತೆ ಮಾತಾಡುತ್ತಿತ್ತು. "ಅಮ್ಮನ ನೆನಪಾಗ್ತಿದೆ" ಅಂತ ಟೈಪ್ ಮಾಡಿದ್ರೆ ಅದರಲ್ಲಿ 'ಅಮ್ಮ' ಅನ್ನೋ ಪದ ಹೆಕ್ಕಿಕೊಂಡು, ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ ಅನ್ನುವ ಧಾಟಿಯಲ್ಲಿ ಉತ್ತರ. ಅಷ್ಟೇ. ಅದಕ್ಕೆ ಅಮ್ಮನೂ ಗೊತ್ತಿಲ್ಲ, ನೆನಪೂ ಗೊತ್ತಿಲ್ಲ.

ಸೆಕ್ರೆಟರಿಗೆ ಇದು ಬರೀ ಪ್ರೋಗ್ರಾಮು ಅಂತ ಚೆನ್ನಾಗಿ ಗೊತ್ತಿತ್ತು. ಆದರೂ ಅದರ ಜೊತೆ ನಾಲ್ಕು ಮಾತಾಡುವಷ್ಟರಲ್ಲಿ, ಸ್ವಲ್ಪ ಹೊರಗೆ ಹೋಗಿ ಅಂತ ಪ್ರೊಫೆಸರರನ್ನೇ ಕಳಿಸಿಬಿಟ್ಟಳಂತೆ!

ಬೇರೆಯವರಾಗಿದ್ರೆ ಖುಷಿಪಟ್ಟು ಮೆರೀತಿದ್ರು. ಈ ಮನುಷ್ಯ ಗಾಬರಿಯಾದರು. ಅದರಲ್ಲೂ ಯಂತ್ರದಿಂದಲೇ ಮನೋಚಿಕಿತ್ಸೆ ಕೊಡಬಹುದು ಅಂತ ಕೆಲವು ವೈದ್ಯರು ಹೊರಟಾಗ. 1976ರಲ್ಲಿ ಅವರು ಒಂದು ಪುಸ್ತಕವನ್ನೇ ಬರೆದರು. ಕಂಪ್ಯೂಟರಿಂದ ಏನು ಆಗುತ್ತೆ ಅನ್ನೋದಕ್ಕಿಂತ ಅದರಿಂದ ಏನು ಮಾಡಿಸಬಾರದು ಅನ್ನೋದೇ ದೊಡ್ಡ ಪ್ರಶ್ನೆ ಅಂದರು. 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಅನ್ನೋ ಹೆಸರಿಟ್ಟ ಜಾನ್ ಮೆಕಾರ್ಥಿ ಆ ಪುಸ್ತಕವನ್ನು ಚೆನ್ನಾಗಿಯೇ ಝಾಡಿಸಿದರು. ತನ್ನವರ ನಡುವೆಯೇ ವೈಜೆನ್‌ಬಾಮ್ ಹೆಚ್ಚುಕಮ್ಮಿ ಒಂಟಿಯಾದರು.

ಜನ ಯಂತ್ರವನ್ನು ಸುಲಭವಾಗಿ ನಂಬಿಬಿಡ್ತಾರೆ ಅಂತ ಎಲೈಜಾ ತೋರಿಸಿಕೊಟ್ಟಿತು. ಸರಿ, ನಂಬಿಕೆಗೆ ಅರ್ಹವಾದ ಯಂತ್ರ ಹೇಗಿರಬೇಕು? ಅದಕ್ಕೆ ಒಂದು ಉತ್ತರ ಸಿಕ್ಕಿದ್ದು ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ. 1970ರ ದಶಕದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಮತ್ತು ಜೊತೆಗಾರರು ಅಲ್ಲಿ ಕಟ್ಟಿದ 'ಮೈಸಿನ್', ರಕ್ತದ ಸೋಂಕಿಗೆ ಯಾವ ಆಂಟಿಬಯೋಟಿಕ್ ಕೊಡಬೇಕು ಅಂತ ಸಲಹೆ ಹೇಳ್ತಿತ್ತು. ವಿಶೇಷ ಏನಂದ್ರೆ, ಡಾಕ್ಟರು ಅದನ್ನೇ ತಿರುಗಿಸಿ ಕೇಳಬಹುದಿತ್ತು: ಈ ಪ್ರಶ್ನೆ ಯಾಕೆ ಕೇಳ್ತೀಯಾ? ಈ ತೀರ್ಮಾನಕ್ಕೆ ಹೇಗೆ ಬಂದೆ? ಅದು ತಾನು ಬಳಸಿದ ನಿಯಮವನ್ನು ಬಿಡಿಸಿ ತೋರಿಸ್ತಿತ್ತು. 1979ರಲ್ಲಿ ಮೆದುಳು ಜ್ವರದ 10 ರೋಗಿಗಳ ವಿವರ ಕೊಟ್ಟು ಪರೀಕ್ಷೆ ಮಾಡಿದಾಗ ತಜ್ಞರು ಮೈಸಿನ್‌ಗೆ ಕೊಟ್ಟ ಒಪ್ಪಿಗೆ ಶೇ. 65, ವೈದ್ಯಕೀಯ ಅಧ್ಯಾಪಕರಿಗೆ ಹೆಚ್ಚೆಂದರೆ ಶೇ. 62.5. ಆದರೂ ಅದು ಆಸ್ಪತ್ರೆಯ ದಿನನಿತ್ಯದ ಕೆಲಸಕ್ಕೆ ಬರಲೇ ಇಲ್ಲ. ಟೈಪ್ ಮಾಡಿ ಮುಗಿಸಲು ಹೊತ್ತು ಬೇಕು, ತಪ್ಪಾದ್ರೆ ಹೊಣೆ ಯಾರದು ಅನ್ನೋ ಪ್ರಶ್ನೆ ಬೇರೆ.

ಇನ್ನೊಂದು ಪ್ರಶ್ನೆ ಬಹಳ ತಡವಾಗಿ ಬಂತು. ಯಂತ್ರ ಸರಿ ಅಂತೀರಲ್ಲ, ಯಾರ ಪಾಲಿಗೆ ಸರಿ? 2018ರಲ್ಲಿ ಅದೇ ಎಂಐಟಿಯ ಜಾಯ್ ಬುಲಮ್ವಿನಿ, ಟಿಮ್ನಿಟ್ ಗೆಬ್ರು ಅವರ ಜೊತೆ ಸೇರಿ, ಆಫ್ರಿಕಾ ಮತ್ತು ಯುರೋಪಿನ ಆರು ದೇಶಗಳ 1270 ಸಂಸದರ ಫೋಟೋಗಳನ್ನು ಮೂರು ಕಂಪನಿಗಳ ಸಾಫ್ಟ್‌ವೇರಿಗೆ ತೋರಿಸಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳಬೇಕು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಶೇ. 0.8 ದಾಟಲಿಲ್ಲ. ಕಪ್ಪು ಹೆಂಗಸರಲ್ಲಿ ಶೇ. 34.7ರವರೆಗೂ ಹೋಯ್ತು! ಒಟ್ಟು ಸರಾಸರಿ ಮಾತ್ರ ನೋಡಿದ್ರೆ ಇದು ಕಾಣ್ತಿರಲಿಲ್ಲ.

ಈಗ ಇವೆಲ್ಲ ಪಾಠವಾಗಿವೆ. ಹಾರ್ವರ್ಡ್‌ನಲ್ಲಿ 2017ರಿಂದ ಕಂಪ್ಯೂಟರ್ ಕ್ಲಾಸಿನೊಳಗೇ ತತ್ವಶಾಸ್ತ್ರದವರು ಬಂದು, ಕಟ್ಟೋದು ಸರಿ, ಕಟ್ಟಬೇಕಾ ಅಂತ ಚರ್ಚೆ ಮಾಡಿಸ್ತಾರೆ. ಶುರು ಮಾಡಿದ್ದು ಎಐ ವಿಜ್ಞಾನಿ ಬಾರ್ಬರಾ ಗ್ರೋಸ್ ಮತ್ತು ತತ್ವಶಾಸ್ತ್ರದ ಆಲಿಸನ್ ಸಿಮನ್ಸ್. 2019ರಲ್ಲಿ ಸ್ಟಾನ್‌ಫರ್ಡ್ ಮನುಷ್ಯ ಕೇಂದ್ರಿತ ಎಐಗೇ ಒಂದು ಸಂಸ್ಥೆ ತೆರೆಯಿತು. ಅಲ್ಲೂ ಅದೇ ಜೋಡಿ: ಕಂಪ್ಯೂಟರಿನ ಫೇ-ಫೇ ಲೀ, ತತ್ವಶಾಸ್ತ್ರದ ಜಾನ್ ಎಚೆಮೆಂಡಿ. 2008ರಲ್ಲಿ ತೀರಿಹೋದ ವೈಜೆನ್‌ಬಾಮ್ ಇದನ್ನು ನೋಡಲಿಲ್ಲ.

ಇರ್ಲಿ. ಬೆಳಿಗ್ಗೆ ಕಾಫಿ ಹೊತ್ತಿಗೆ ಅಕ್ಕನನ್ನು ಕೇಳಿದೆ, "ಮಾತ್ರೆ ವಿಷಯ ಏನಾದ್ರೂ ಕೇಳಿದ್ಯಾ ಅದರ ಹತ್ರ?"

"ಬಿಪಿ ಮಾತ್ರೆ ನಿಲ್ಲಿಸಿದ್ರೆ ಮಂಡಿನೋವು ಕಮ್ಮಿ ಆಗ್ತದಾ ಅಂತ ಕೇಳಿದೆ. ಡಾಕ್ಟರ ಹತ್ರ ಕೇಳಿ ಅಂತು."

"ಕೇಳಿದ್ಯಾ?"

"ಇಲ್ಲ. ಇದರ ಹತ್ರವೇ ಇನ್ನೊಂದು ಸಲ ಕೇಳಿದೆ."

ಯಂತ್ರ ಸರಿಯಾಗಿಯೇ ಹೇಳಿತ್ತು. ಡಾಕ್ಟರ ಹತ್ರ ಕರ್ಕೊಂಡು ಹೋಗುವ ಕೆಲಸ ಮಾತ್ರ ಅದರದ್ದಲ್ಲ, ನನ್ನದು. ಸಂಜೆ ಇಬ್ಬರೂ ರಿಕ್ಷಾ ಹಿಡಿದು ಹೊರಟೆವು. ದಾರಿಯುದ್ದಕ್ಕೂ ಮಂಡಿನೋವಿನ ಕತೆಯನ್ನು ಮೊದಲಿಂದ ಕೇಳಿದೆ. ಒಂದೆರಡು ಸಲ ಸಿಡುಕಿದೆ, ಸುಳ್ಳು ಹೇಳಲ್ಲ.